ಗಾಳಿ ಹೂಂ ಅಂದರೆ ಮಾತ್ರ: ಟೇಬಲ್ ಮೌಂಟನ್ ಮೇಲೊಂದು ಬೆಳಿಗ್ಗೆ

ಸೋಮವಾರ

ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ದಾರಿ ತಪ್ಪುವುದು ಕಷ್ಟ. ಊರೊಳಗೆ ಎಲ್ಲಿ ನಿಂತು ತಲೆ ಎತ್ತಿದರೂ ಟೇಬಲ್ ಮೌಂಟನ್ ಕಾಣುತ್ತದೆ. ಸುಮಾರು ಮೂರು ಕಿಲೋಮೀಟರ್ ಉದ್ದದ ಬಂಡೆಗೋಡೆ, ಮೇಲ್ಭಾಗ ಚಪ್ಪಟೆ. ಕಡಲಿಗೆ ಬೆನ್ನು ಮಾಡಿ ನಿಂತರೆ ಎಡಕ್ಕೆ ಡೆವಿಲ್ಸ್ ಪೀಕ್, ಬಲಕ್ಕೆ ಲಯನ್ಸ್ ಹೆಡ್. ಬೆಟ್ಟಕ್ಕೂ ಅಟ್ಲಾಂಟಿಕ್‌ಗೂ ನಡುವೆ ಸಿಕ್ಕಷ್ಟು ಜಾಗದಲ್ಲಿ ಊರು ಕೂತಿದೆ.

ಬೆಂಗಳೂರಿನಿಂದ ಹೊರಟು ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಮಧ್ಯಾಹ್ನ ಬಂದಿಳಿದೆವು. ನಾನು, ಹೆಂಡತಿ, ಅಮ್ಮ. ಅಮ್ಮನಿಗೆ ಈ ಪ್ರವಾಸದಲ್ಲಿ ಬೇಕಾಗಿದ್ದುದು ಒಂದೇ, ಬೆಟ್ಟದ ಮೇಲೆ ಹೋಗಬೇಕು. ಒಂದು ಕಾಲದಲ್ಲಿ ಆಷಾಢದಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಪ್ರತಿ ಮೆಟ್ಟಿಲಿಗೂ ಕುಂಕುಮ ಇಟ್ಟವರು. ಈಗ ಮಂಡಿನೋವು. ಹಾಗಾಗಿ ಬೆಟ್ಟದ ಮೇಲಕ್ಕೆ ತಂತಿಯಲ್ಲಿ ತೂಗಿಕೊಂಡು ಓಡುವ ಕೇಬಲ್ ಕಾರ್ ನಮಗೆ ಬರೀ ಮೋಜಿನ ಸವಾರಿ ಆಗಿರಲಿಲ್ಲ, ಮೇಲೆ ಹೋಗಲು ಇದ್ದ ಒಂದೇ ದಾರಿ.

ಗಾರ್ಡನ್ಸ್ ಬಡಾವಣೆಯಲ್ಲಿ ಉಳಿದುಕೊಂಡಿದ್ದೆವು. ಕಿಟಕಿ ತೆಗೆದರೆ ಎದುರಿಗೇ ಬೆಟ್ಟ, ಅದರ ಬಲತುದಿಯಲ್ಲಿ ಒಂದು ಚಿಕ್ಕ ಚೌಕ. ಅದೇ ಮೇಲಿನ ನಿಲ್ದಾಣ. ಗೊತ್ತಿಲ್ಲದವರಿಗೆ ಬಂಡೆಯದೇ ಒಂದು ತುಂಡಿನ ಹಾಗೆ ಕಾಣುತ್ತದೆ. "ಇವತ್ತೇ ಹೋಗೋಣ್ವಾ?" ಅಂದೆ. ಎಲ್ಲರಿಗೂ ಸುಸ್ತು. ಆದರೂ ಫೋನ್‌ನಲ್ಲಿ ಕೇಬಲ್‌ವೇ ಜಾಲತಾಣ ತೆರೆದು ನೋಡಿದೆ. ಗಾಳಿ ಜಾಸ್ತಿ ಇದ್ದುದರಿಂದ ಮುಚ್ಚಿತ್ತು.

ಮಂಗಳವಾರ

ಬೆಳಿಗ್ಗೆ ಎದ್ದರೆ ಬೆಟ್ಟಕ್ಕೆ ತಲೆಯೇ ಇಲ್ಲ. ಮೇಲೆ ದಪ್ಪ ಬಿಳಿ ಮೋಡ ಕೂತಿದೆ, ಅಂಚಿನಿಂದ ಊರಿನ ಕಡೆಗೆ ಸುರಿಯುತ್ತಿದೆ. ಆದರೆ ಕೆಳಗೆ ಬರುವುದಿಲ್ಲ, ಅರ್ಧದಲ್ಲೇ ಮಾಯ. ಅಮ್ಮ ಕಾಫಿ ಲೋಟ ಹಿಡಿದು ಬಹಳ ಹೊತ್ತು ನೋಡಿದರು. "ಹಾಲು ಉಕ್ಕಿ ಚೆಲ್ಲಿದ ಹಾಗಿದೆಯಲ್ಲೋ, ಆದ್ರೆ ಒಲೆ ಮಾತ್ರ ಒದ್ದೆ ಆಗ್ತಿಲ್ಲ!"

ಊರಿನವರು ಇದನ್ನು ಟೇಬಲ್ ಕ್ಲಾತ್ ಅನ್ನುತ್ತಾರೆ. ಬೇಸಿಗೆಯಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ, ಇಲ್ಲಿ ಆಗ್ನೇಯದಿಂದ ಜೋರು ಗಾಳಿ ಬೀಸುತ್ತದೆ. ಬೆಟ್ಟದ ಹಿಂಬದಿಯ ಫಾಲ್ಸ್ ಬೇ ಕೊಲ್ಲಿಯನ್ನು ದಾಟಿ ಬರುವ ಆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೆಟ್ಟ ಅಡ್ಡ ಬಂದಾಗ ಗಾಳಿ ಮೇಲೇರಲೇಬೇಕು. ಮೇಲೇರುತ್ತಾ ತಣ್ಣಗಾಗಿ, ತುದಿಯಲ್ಲಿ ಮೋಡವಾಗುತ್ತದೆ. ಈಚೆ ಬದಿಗೆ ಇಳಿಯುವಾಗ ಮತ್ತೆ ಬೆಚ್ಚಗಾಗುತ್ತದೆ, ಮೋಡ ಆರಿಹೋಗುತ್ತದೆ. ಒಂದು ಕಡೆ ಹುಟ್ಟುತ್ತಾ ಇನ್ನೊಂದು ಕಡೆ ಸಾಯುತ್ತಾ ಇರುವುದರಿಂದ ಮೋಡ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುತ್ತದೆ, ಅಷ್ಟೇ.

ಅಂಗಡಿಯಾತ ಬೇರೆ ಕಥೆ ಹೇಳಿದ. ವಾನ್ ಹಂಕ್ಸ್ ಎಂಬ ಮುದುಕ ಕಡಲುಗಳ್ಳನಿಗೂ ಸೈತಾನನಿಗೂ ಹೊಗೆಸೊಪ್ಪು ಸೇದುವ ಪಂದ್ಯ ಬಿತ್ತಂತೆ. ಆ ಹೊಗೆಯೇ ಈ ಮೋಡ. ಪಂದ್ಯ ಇನ್ನೂ ಮುಗಿದಿಲ್ಲ. ಅಮ್ಮನಿಗೆ ನನ್ನ ವಿವರಣೆಗಿಂತ ಇದೇ ಹಿಡಿಸಿತು.

ಈ ಗಾಳಿಗೆ ಇಲ್ಲಿ ಕೇಪ್ ಡಾಕ್ಟರ್ ಅಂತಲೂ ಹೆಸರು. ಊರಿನ ಹೊಗೆ, ದೂಳನ್ನೆಲ್ಲ ಗುಡಿಸಿ ಕಡಲಿಗೆ ತಳ್ಳುತ್ತದೆ. ಒಳ್ಳೆಯ ಡಾಕ್ಟರೇ ಇರಬಹುದು, ಆದರೆ ರಸ್ತೆ ದಾಟುವಾಗ ಅಮ್ಮನ ಎರಡೂ ಕೈ ಹಿಡಿದುಕೊಳ್ಳಬೇಕಾಯಿತು. ಇಂಥ ದಿನ ಕೇಬಲ್ ಕಾರ್ ಯಾಕೆ ಓಡುವುದಿಲ್ಲ ಅಂತ ಆಮೇಲೆ ಯಾರೂ ಕೇಳಲಿಲ್ಲ.

ಬೆಟ್ಟ ಬಿಟ್ಟು ಊರು ನೋಡಿದೆವು. ಮೊದಲು ಸ್ಲೇವ್ ಲಾಡ್ಜ್, ಹಿಂದೆ ಗುಲಾಮರನ್ನು ಇರಿಸುತ್ತಿದ್ದ ಕಟ್ಟಡ, ಈಗ ವಸ್ತುಸಂಗ್ರಹಾಲಯ. 1652ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ನೆಲೆಯೂರಿತು. ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸುವುದು ಉದ್ದೇಶ. ದುಡಿಯಲು ಗುಲಾಮರನ್ನು ತಂದರು. ಅವರು ಇಂಡೋನೇಷ್ಯಾ, ಮಡಗಾಸ್ಕರ್ ಕಡೆಯವರು ಮಾತ್ರ ಅಂದುಕೊಂಡಿದ್ದೆ. ಬಂಗಾಳದವರು, ಮಲಬಾರಿನವರು, ಕೋರಮಂಡಲ ಕರಾವಳಿಯವರೂ ಬಹಳ ಮಂದಿ ಇದ್ದರು. ಅವರಿಗೆ ಬೇರೆ ಹೆಸರಿಟ್ಟು, ಕೊನೆಗೆ ವಾನ್ ಬೆಂಗಾಲೆ, ವಾನ್ ಮಲಬಾರ್, ಅಂದರೆ ಬಂಗಾಳದ, ಮಲಬಾರಿನ ಅಂತ ಅಂಟಿಸುತ್ತಿದ್ದರು. ಸ್ವಂತ ಹೆಸರು ಕಳೆದು ಊರಿನ ಹೆಸರೊಂದೇ ಉಳಿಯುವುದು ಎಂಥ ಸ್ಥಿತಿ!

ಅಲ್ಲಿಂದ ಬೋ ಕಾಪ್, ಆ ಗುಲಾಮರ ಸಂತತಿಯವರು ನೆಲೆಸಿದ ಬಡಾವಣೆ. ಬಣ್ಣಬಣ್ಣದ ಮನೆಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಅಲ್ಲೇ ಅವ್ವಲ್ ಮಸೀದಿ ಇದೆ, 1794ರದ್ದು. ಮಸಾಲೆ ಅಂಗಡಿಯ ಮುಂದೆ ನಿಂತರೆ ಮೈಸೂರಿನ ದೇವರಾಜ ಮಾರುಕಟ್ಟೆಯದೇ ವಾಸನೆ. ಸಮೋಸ ಸಿಕ್ಕಿತು. ತೆಂಗಿನತುರಿ ಉದುರಿಸಿದ ಕೂಸಿಸ್ಟರ್ ಎಂಬ ಸಿಹಿ ಸಿಕ್ಕಿತು. ಅಮ್ಮ ಎರಡು ತಿಂದರು. ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಢಂ ಅಂತ ಫಿರಂಗಿ ಹಾರಿತು, ಮೂವರೂ ಬೆಚ್ಚಿಬಿದ್ದೆವು. ಸಿಗ್ನಲ್ ಹಿಲ್ ಮೇಲಿನ ನೂನ್ ಗನ್ ಅದು. 1806ರಿಂದ ಹಾರಿಸುತ್ತಿದ್ದಾರೆ. ಊರಿನವರು ಸುಮ್ನೆ ಗಡಿಯಾರ ನೋಡಿಕೊಂಡು ಮುಂದೆ ನಡೆದರು.

ಬುಧವಾರ

ಇವತ್ತೂ ಮುಚ್ಚಿದೆ. ನಮ್ಮ ಟಿಕೆಟ್ ಇಂತಿಷ್ಟು ಗಂಟೆಗೆ ಅಂತ ಕಟ್ಟಿಹಾಕಿದ್ದಲ್ಲ, ಬೇರೆ ದಿನವೂ ನಡೆಯುವಂಥದ್ದು. ಹಾಗಾಗಿ ದುಡ್ಡಿನ ಚಿಂತೆ ಇರಲಿಲ್ಲ. ಚಿಂತೆ ಇದ್ದುದು ದಿನಗಳದು.

ಗಾಳಿ ಕಡಿಮೆ ಇರುವ ಜಾಗ ಅಂತ ಬೆಟ್ಟದ ಪೂರ್ವದ ಬುಡದಲ್ಲಿರುವ ಕರ್ಸ್ಟನ್‌ಬಾಷ್ ತೋಟಕ್ಕೆ ಹೋದೆವು. 1913ರಲ್ಲಿ ಶುರುವಾದ ಸಸ್ಯೋದ್ಯಾನ. ನಮ್ಮ ಲಾಲ್‌ಬಾಗ್‌ನಲ್ಲಿ ಲೋಕದ ಎಲ್ಲ ಕಡೆಯ ಗಿಡ ಮರಗಳಿವೆ. ಇಲ್ಲಿ ಶುರುವಿನಿಂದಲೂ ಒತ್ತು ಈ ನೆಲದ ಗಿಡಗಳಿಗೇ. ಅದಕ್ಕೆ ಕಾರಣವೂ ಇದೆ. ಈ ಕೇಪ್ ಪ್ರದೇಶ ಭೂಪಟದಲ್ಲಿ ಒಂದು ಚುಕ್ಕೆ, ಆದರೆ ಸುಮಾರು 9,000 ಜಾತಿಯ ಸಸ್ಯಗಳಿವೆ, ಮೂರರಲ್ಲಿ ಎರಡು ಪಾಲು ಬೇರೆಲ್ಲೂ ತಾವಾಗಿ ಬೆಳೆಯುವುದಿಲ್ಲ. ಫಿನ್‌ಬಾಸ್ ಅಂತ ಕರೆಯುವ ಈ ಕುರುಚಲು ಕಾಡು ದೂರದಿಂದ ಏನೂ ಅನ್ನಿಸುವುದಿಲ್ಲ. ಬಗ್ಗಿ ನೋಡಬೇಕು. ಅಂಗೈ ಅಗಲದ ಪ್ರೋಟಿಯಾ ಹೂಗಳಿಗೆ ಮಾತ್ರ ಬಗ್ಗುವುದೂ ಬೇಡ.

ತೋಟದಲ್ಲಿ ಒಂದು ಹಳೆಯ ಕಾಡುಬಾದಾಮಿ ಬೇಲಿ ಇದೆ. 1660ರಲ್ಲಿ ಡಚ್ ಅಧಿಕಾರಿ ವಾನ್ ರೀಬೆಕ್ ನೆಡಿಸಿದ್ದು. ಇಲ್ಲಿಯವರೇ ಆದ ಖೋಯ್ ಜನರೂ ಅವರ ದನಗಳೂ ಡಚ್ಚರ ಜಮೀನಿಗೆ ಬರದಿರಲಿ ಅಂತ. ಹಸಿರಾಗಿ, ಚೆನ್ನಾಗಿಯೇ ಇದೆ. ನೋಡಿ ಖುಷಿಪಡುವ ಹಾಗಿಲ್ಲ.

ವಾಪಸ್ ಬರುವಾಗ ನ್ಯೂಲ್ಯಾಂಡ್ಸ್ ಕ್ರಿಕೆಟ್ ಮೈದಾನದ ಹೊರಗೆ ಐದು ನಿಮಿಷ ನಿಂತೆವು. ಅದು ನನ್ನ ಹಟ. ಟಿವಿಯಲ್ಲಿ ಟೇಬಲ್ ಮೌಂಟನ್ ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಇಲ್ಲಿಂದಲೇ ಅಲ್ವಾ? 2024ರ ಜನವರಿಯಲ್ಲಿ ಭಾರತ ಇಲ್ಲಿ ಮೊದಲ ಬಾರಿಗೆ ಟೆಸ್ಟ್ ಗೆದ್ದಿತು, ಅದೂ ಎರಡೇ ದಿನದಲ್ಲಿ. ಒಟ್ಟು 642 ಎಸೆತ. ಫಲಿತಾಂಶ ಬಂದ ಟೆಸ್ಟ್‌ಗಳಲ್ಲೇ ಅತಿ ಚಿಕ್ಕದು. ಆಗ ಕೋಚ್ ನಮ್ಮ ರಾಹುಲ್ ದ್ರಾವಿಡ್. ದಿನಗಟ್ಟಲೆ ನಿಂತು ಆಡಿದ ಮನುಷ್ಯನ ಪಾಲಿಗೆ ಬಂದ ಗೆಲುವು ನೋಡಿ!

ಗುರುವಾರ

ಐದೂವರೆಗೆ ಹೆಂಡತಿ ಎಬ್ಬಿಸಿದಳು. "ಏಳ್ರೀ, ಬೆಟ್ಟ ಕಾಣ್ತಿದೆ." ಒಂದು ತುಣುಕು ಮೋಡ ಇಲ್ಲ. ಮರದ ಎಲೆ ಅಲ್ಲಾಡುತ್ತಿಲ್ಲ. ಸ್ನಾನ, ತಿಂಡಿ ಎಲ್ಲ ಆಮೇಲೆ ಅಂತ ಹೊರಟೆವು.

ಕ್ಲೂಫ್ ನೆಕ್ ತಿರುವಿನಿಂದ ಟ್ಯಾಫಲ್‌ಬರ್ಗ್ ರಸ್ತೆಯಲ್ಲಿ ಹೋದರೆ ಕೆಳಗಿನ ನಿಲ್ದಾಣ. ಬೇಗ ಬಂದಿದ್ದೇವೆ ಅಂದುಕೊಂಡಿದ್ದರೆ ನಮಗಿಂತ ಮುಂದೆ ದೊಡ್ಡ ಸಾಲು. ಗಾಳಿಯಿಂದ ಮುಚ್ಚಿದ ದಿನಗಳ ಜನ ಎಲ್ಲ ಇವತ್ತೇ ಬಂದಿದ್ದಾರೆ. ಸಾಲಿನಲ್ಲಿ ನಿಂತಾಗ ಓದಲು ಬೇಕಾದಷ್ಟಿತ್ತು.

ಈ ಬೆಟ್ಟಕ್ಕೆ ಜನರನ್ನು ಯಂತ್ರದಲ್ಲಿ ಹತ್ತಿಸುವ ಯೋಚನೆ ಹಳೆಯದು. ಮೊದಲ ಮಹಾಯುದ್ಧಕ್ಕೂ ಮುಂಚೆ ಹಳಿಗಳ ಮೇಲೆ ಎಳೆಯುವ ಗಾಡಿಯ ಮಾತಿತ್ತು, ಯುದ್ಧ ಬಂದು ನಿಂತಿತು. 1926ರಲ್ಲಿ ನಾರ್ವೆಯ ಎಂಜಿನಿಯರ್ ಟ್ರಿಗ್ವೆ ಸ್ಟ್ರೋಮ್ಸೋ ಹಳಿ ಬೇಡ, ತಂತಿ ಸಾಕು ಅಂದರು. ದುಡ್ಡು ಹಾಕುವವರು ಸಿಕ್ಕಿದರು, ಕಂಪನಿ ಆಯಿತು. ಜರ್ಮನಿಯ ಲೈಪ್‌ಜಿಗ್‌ನ ಬ್ಲೈಷರ್ಟ್ ಕಂಪನಿ ಕಟ್ಟಿತು. 1929ರ ಅಕ್ಟೋಬರ್ 4ರಂದು ಓಡಾಟ ಶುರು. ಆಗಿನದು ಮರ, ತಗಡಿನ ಪುಟ್ಟ ಕಾರ್, ಇಪ್ಪತ್ತು ಇಪ್ಪತ್ತೈದು ಜನ ಹಿಡಿಸುತ್ತಿತ್ತು. ಈಗಿನ ದುಂಡನೆಯ ಕಾರ್‌ಗಳು ಸ್ವಿಟ್ಜರ್ಲೆಂಡಿನ ಗರವೆಂಟಾ ಕಂಪನಿಯವು. 1997ರಲ್ಲಿ ಬಂದವು, ಅದೂ ಅಕ್ಟೋಬರ್ 4ಕ್ಕೇ. ಒಂದರಲ್ಲಿ 65 ಜನ.

ಕೆಲಸ ಮಾಡುವ ರೀತಿ ಸರಳ. ಕಾರ್ ಎರಡೇ. ಎರಡನ್ನೂ ಒಂದೇ ಎಳೆಯುವ ಹಗ್ಗಕ್ಕೆ ಸೇರಿಸಿದ್ದಾರೆ. ಒಂದು ಮೇಲೇರುವಾಗ ಇನ್ನೊಂದು ಇಳಿಯುತ್ತದೆ, ಇಳಿಯುವುದರ ಭಾರ ಏರುವುದಕ್ಕೆ ನೆರವು. ಬಾವಿಯ ರಾಟೆಗೆ ಎರಡು ಕೊಡ ಕಟ್ಟುತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರಿನ ಭಾರ ಹೊರುವುದು ಬೇರೆ ದಪ್ಪ ಉಕ್ಕಿನ ತಂತಿಗಳು. ಸುಮಾರು 1,200 ಮೀಟರ್ ಉದ್ದದ ಈ ದಾರಿಯಲ್ಲಿ ನಡುವೆ ಒಂದೂ ಕಂಬ ಇಲ್ಲ. ಕೆಳಗಿನ ನಿಲ್ದಾಣ ಬಿಟ್ಟರೆ ಮೇಲಿನ ಬಂಡೆಯೇ. ಹಾಗಾಗಿ ಗಾಳಿ ಬೀಸಿದಾಗ ಕಾರ್ ತೂಗುತ್ತದೆ, ನಿಲ್ಲಿಸದೆ ಬೇರೆ ದಾರಿ ಇಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಕಾರಿನ ನೆಲದಡಿ ಸಾವಿರಾರು ಲೀಟರಿನ ನೀರಿನ ಟ್ಯಾಂಕ್ ಇದೆ. ಮೇಲಿನ ಕೆಫೆ, ಶೌಚಾಲಯಕ್ಕೆಲ್ಲ ನೀರು ಹೋಗುವುದು ಹೀಗೆ. ಗಾಳಿ ಸ್ವಲ್ಪ ಇದ್ದಾಗ ಅದೇ ನೀರಿನ ಭಾರ ಕಾರ್ ಅಲ್ಲಾಡದಂತೆಯೂ ತಡೆಯುತ್ತದೆ. 2018ರಲ್ಲಿ ಈ ಊರಿನ ನಲ್ಲಿಗಳೇ ನಿಲ್ಲುವ ಹಂತಕ್ಕೆ ಬಂದಿದ್ದನ್ನು ನೀವೂ ಸುದ್ದಿಯಲ್ಲಿ ಓದಿರಬಹುದು. ಅಂಥ ಊರಲ್ಲಿ ಒಂದೇ ನೀರು ಎರಡು ಕೆಲಸ ಮಾಡುತ್ತಿದೆ.

ನಮ್ಮ ಸರದಿ ಬಂತು. ಬಾಗಿಲು ಹಾಕಿತು. ಎಲ್ಲರೂ ಕಿಟಕಿಗೆ ನುಗ್ಗಿದರು. ಅಮ್ಮನಿಗೆ ಜಾಗ ಸಿಗಲಿಲ್ಲ ಅಂತ ನಾನು ಗೊಣಗುವಷ್ಟರಲ್ಲಿ ನೆಲ ತಿರುಗಲು ಶುರು. ಹೌದು, ಕಾರಿನ ಹೊರಗೋಡೆ ನಿಂತಿರುತ್ತದೆ, ನಾವು ನಿಂತ ನೆಲ ಪೂರ್ತಿ ಒಂದು ಸುತ್ತು ಬರುತ್ತದೆ. ಎಲ್ಲರಿಗೂ ಎಲ್ಲವೂ ಕಾಣುತ್ತದೆ, ಜಗಳ ಇಲ್ಲ. "ಕಂಬಿ ಹಿಡಿಯಬೇಡಿ" ಅಂತ ಕಾರಿನವನು ಹೇಳಿದ್ದ. ಅಮ್ಮ ಗಟ್ಟಿಯಾಗಿ ಹಿಡಿದಿದ್ದರು. ಕಂಬಿ ಅಲ್ಲೇ, ಕಾಲು ಮುಂದಕ್ಕೆ. "ಅಯ್ಯೋ, ಎಲ್ಲಿಗೋ ಕರ್ಕೊಂಡು ಹೋಗ್ತಿದೆ!" ಹೆಂಡತಿ ಬಿಡಿಸಿದಳು. ಕಾರಿನವನೂ ನಕ್ಕ, ದಿನಕ್ಕೆ ಎಷ್ಟು ಸಲ ನೋಡುತ್ತಾನೋ.

ಐದು ನಿಮಿಷವೂ ಹಿಡಿಯಲಿಲ್ಲ. ಮೊದಲು ಊರು ಕೆಳಗೆ ಜಾರಿತು. ನಂತರ ಕಿಟಕಿ ತುಂಬ ಬರೀ ಬಂಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬಂಡೆಯಲ್ಲಿ ಬಟ್ಟೆಯಷ್ಟು ಹಸಿರು, ಅಲ್ಲೊಬ್ಬ ಹಗ್ಗ ಹಿಡಿದು ಹತ್ತುತ್ತಿದ್ದಾನೆ. ಎದುರಿನಿಂದ ಇನ್ನೊಂದು ಕಾರ್ ಸುಂಯ್ ಅಂತ ಇಳಿದುಹೋಯಿತು. ಆಮೇಲೆ ನಿಲ್ದಾಣ. ಸಮುದ್ರಮಟ್ಟದಿಂದ 1,067 ಮೀಟರ್.

ಮೇಲೆ ಕಾಲಿಟ್ಟಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ದೇವಸ್ಥಾನ ಎಲ್ಲಿ?" ಇಲ್ಲ ಅಂದೆ. "ಇಷ್ಟು ದೊಡ್ಡ ಬೆಟ್ಟಕ್ಕೆ ಒಂದು ಗುಡೀನೂ ಇಲ್ವಾ?" ಅಂತ ನಿಜವಾಗಿ ಬೇಜಾರು ಮಾಡಿಕೊಂಡರು. ಆದರೆ ನಿಲ್ದಾಣದ ಹತ್ತಿರದ ದಾರಿಗಳೆಲ್ಲ ಸಮತಟ್ಟು, ಗಾಲಿಕುರ್ಚಿಯೂ ಓಡುತ್ತದೆ. ಅಮ್ಮ ಯಾರ ಕೈಯನ್ನೂ ಹಿಡಿಯದೆ ನಡೆದರು, ಅದು ಬಹಳ ದಿನದ ಮೇಲೆ.

ಉತ್ತರಕ್ಕೆ ಊರು, ಬಂದರು, 2010ರ ವಿಶ್ವಕಪ್ ಫುಟ್‌ಬಾಲ್‌ಗೆ ಕಟ್ಟಿದ ಬಿಳಿ ಕ್ರೀಡಾಂಗಣ. ಕೊಲ್ಲಿಯಲ್ಲಿ ಚಪ್ಪಟೆಯ ರಾಬೆನ್ ದ್ವೀಪ. ಪಶ್ಚಿಮಕ್ಕೆ ಕ್ಯಾಂಪ್ಸ್ ಬೇ ಮರಳು, ಅದರ ಮೇಲೆ ಸಾಲಾಗಿ ಟ್ವೆಲ್ವ್ ಅಪಾಸಲ್ಸ್ ಶಿಖರಗಳು. ದಕ್ಷಿಣಕ್ಕೆ ಪರ್ಯಾಯ ದ್ವೀಪ ಬಾಲದ ಹಾಗೆ ಉದ್ದಕ್ಕೆ ಹೋಗಿದೆ. ಅದರ ತುದಿಯೇ ಕೇಪ್ ಆಫ್ ಗುಡ್ ಹೋಪ್. ಶಾಲೆಯಲ್ಲಿ ವಾಸ್ಕೋ ಡ ಗಾಮ ಪಾಠದಲ್ಲಿ ಬಾಯಿಪಾಠ ಮಾಡಿದ್ದ ಗುಡ್ ಹೋಪ್ ಭೂಶಿರ. ಅದನ್ನು ಸುತ್ತಿ ಬಂದವರೇ ಕಲ್ಲಿಕೋಟೆಗೆ, ಗೋವೆಗೆ, ನಮ್ಮ ಮಂಗಳೂರು ಹೊನ್ನಾವರದ ಮೆಣಸಿಗೆ ಬಂದಿದ್ದು.

ಆ ಪೋರ್ಚುಗೀಸರಲ್ಲೇ ಒಬ್ಬ, ಅಂಟೋನಿಯೊ ಡ ಸಾಲ್ಡಾನ್ಯ, 1503ರಲ್ಲಿ ಈ ಬೆಟ್ಟ ಹತ್ತಿದ. ತಾನು ಎಲ್ಲಿದ್ದೇನೆ ಅಂತ ತಿಳಿಯಲಿಕ್ಕೆ. ಅವನು ಹತ್ತಿದ ಪ್ಲಾಟಕ್ಲಿಪ್ ಕಣಿವೆಯ ದಾರಿಯಲ್ಲಿ ಇವತ್ತಿಗೂ ಜನ ಹತ್ತುತ್ತಾರೆ. ಎರಡು ಮೂರು ಗಂಟೆ ಬೇಕು. ಬೆವರು ಸುರಿಸಿಕೊಂಡು ಮೇಲೆ ಬಂದವರು ನಮ್ಮನ್ನು ನೋಡಿದ ನೋಟ ಅಷ್ಟೇನೂ ಗೌರವದ್ದಾಗಿರಲಿಲ್ಲ.

ಬಂಡೆಯ ಮೇಲೆ ಮೊಲದಷ್ಟು ಗಾತ್ರದ ಕಂದು ಪ್ರಾಣಿಗಳು ಬಿಸಿಲು ಕಾಯಿಸುತ್ತಿದ್ದವು. ಇಲ್ಲಿ ಇವನ್ನು ಡಾಸಿ ಅನ್ನುತ್ತಾರೆ. ನೋಡಲು ಹೆಗ್ಗಣದ ಅಣ್ಣ, ಆದರೆ ಹತ್ತಿರದ ರಕ್ತಸಂಬಂಧ ಆನೆಯದು. ಅಮ್ಮ ನಂಬಲೇ ಇಲ್ಲ. ಫಲಕದಲ್ಲಿ ಬರೆದಿದ್ದನ್ನು ಓದಿ ಹೇಳಿದ ಮೇಲೂ, "ಅವರು ಬರೀತಾರೆ ಬಿಡು" ಅಂದರು.

ಅಮ್ಮ, ಹೆಂಡತಿ ಕೆಫೆಯಲ್ಲಿ ಕೂತರು. ನಾನು ಬೆಟ್ಟದ ನಿಜವಾದ ತುದಿ ಮ್ಯಾಕ್ಲಿಯರ್ಸ್ ಬೀಕನ್‌ಗೆ ನಡೆದೆ. ಹೋಗಲು ಒಂದು ಗಂಟೆ. 1,086 ಮೀಟರ್, ಅಂದರೆ ನಿಲ್ದಾಣಕ್ಕಿಂತ ಬರೀ 19 ಮೀಟರ್ ಜಾಸ್ತಿ. ಅಷ್ಟು ಚಪ್ಪಟೆ ಈ ಬೆಟ್ಟ. ದಾರಿಯಲ್ಲಿ ಅರ್ಧ ಕಿಲೋಮೀಟರ್ ದಾಟಿದರೆ ಜನರೇ ಇಲ್ಲ. ಬಿಳಿ ಮರಳು, ಕಂದು ಬಣ್ಣದ ನೀರಿನ ಹೊಂಡಗಳು. ಈ ಮರಳುಗಲ್ಲು ನಲವತ್ತೈದು ಕೋಟಿ ವರ್ಷಕ್ಕೂ ಹಳೆಯದು, ಅದರಡಿ ಇನ್ನೂ ಹಳೆಯ ಗ್ರಾನೈಟ್. ಒಂದು ಕಾಲದಲ್ಲಿ ಇಲ್ಲಿನ ಬಂಡೆಯ ಪದರಗಳು ಬಟ್ಟೆಯ ಹಾಗೆ ಮಡಚಿಕೊಂಡಿದ್ದವು, ಇದು ಆ ಮಡಿಕೆಯ ತಗ್ಗಿನ ಭಾಗವಾಗಿತ್ತು. ಒತ್ತಡದಲ್ಲಿ ಗಟ್ಟಿಯಾದ ತಗ್ಗು ಉಳಿಯಿತು, ಸುತ್ತ ಎತ್ತರದಲ್ಲಿದ್ದದ್ದು ಸವೆದುಹೋಯಿತು.

ತುದಿಯಲ್ಲಿ ಇರುವುದು ಒಂದು ಕಲ್ಲಿನ ಗುಪ್ಪೆ, ಅಷ್ಟೇ. ಆದರೆ ಅದರ ಹಿಂದೆ ಒಂದು ಒಳ್ಳೆಯ ಕಥೆ ಇದೆ, ಅದು ಬೆಂಗಳೂರಿಗೂ ತಾಗುತ್ತದೆ. 1750ರ ದಶಕದಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಲಕಾಯ್ ಇಲ್ಲಿಗೆ ಬಂದು ತೆಂಕಣ ಆಕಾಶದ ನಕ್ಷತ್ರಗಳನ್ನು ಪಟ್ಟಿ ಮಾಡಿದ. ಒಂದು ನಕ್ಷತ್ರಪುಂಜಕ್ಕೆ ಈ ಬೆಟ್ಟದ ಹೆಸರನ್ನೇ ಇಟ್ಟ, ಮೆನ್ಸಾ ಅಂತ, ಲ್ಯಾಟಿನ್‌ನಲ್ಲಿ ಮೇಜು. ಜೊತೆಗೆ ಭೂಮಿಯ ಆಕಾರ ತಿಳಿಯಲು ನೆಲವನ್ನೂ ಅಳೆದ. ಲೆಕ್ಕ ವಿಚಿತ್ರವಾಗಿ ಬಂತು, ಭೂಮಿಯ ದಕ್ಷಿಣಾರ್ಧ ಉತ್ತರದ ಹಾಗಿಲ್ಲ ಅನ್ನುವಂತೆ. ಎಷ್ಟೋ ವರ್ಷ ಯಾರಿಗೂ ಅದು ಬಿಡಿಸಲಾಗಲಿಲ್ಲ. 1820ರ ಹೊತ್ತಿಗೆ ಆರೋಗ್ಯ ಕೆಟ್ಟು ಭಾರತದಿಂದ ಇಲ್ಲಿಗೆ ಬಂದ ಸರ್ವೆಯವನೊಬ್ಬ ಅದಕ್ಕೆ ಕಾರಣ ಹೇಳಿದ. ಅಕ್ಕಪಕ್ಕದ ಬೆಟ್ಟಗಳ ಸೆಳೆತಕ್ಕೆ ತೂಗುಗುಂಡು ಓರೆಯಾಗಿರಬೇಕು ಅಂತ. ಅವನೇ ಜಾರ್ಜ್ ಎವರೆಸ್ಟ್. ಆಮೇಲೆ ಇಲ್ಲಿನ ಖಗೋಳ ವಿಜ್ಞಾನಿ ಥಾಮಸ್ ಮ್ಯಾಕ್ಲಿಯರ್ ಮತ್ತೆ ಎಲ್ಲ ಅಳೆದು ಲೆಕ್ಕ ಸರಿ ಮಾಡಿದ, ಈ ಗುಪ್ಪೆ ಅವನದೇ. ಎವರೆಸ್ಟ್ ಮಾಡುತ್ತಿದ್ದ ಭಾರತದ ಮಹಾ ಸರ್ವೆಯನ್ನು ಶುರು ಮಾಡಿದ್ದು ವಿಲಿಯಂ ಲ್ಯಾಂಬ್ಟನ್. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಅವನು ಮೊದಲು ಸರಪಳಿ ಎಳೆದು ಅಳೆದದ್ದು ಬೆಂಗಳೂರಿನ ಹತ್ತಿರ. ಮೈಸೂರಿನವನಾದ ನಾನು ಆ ಕಲ್ಲುಗುಪ್ಪೆಗೆ ಕೈ ಮುಟ್ಟಿಸಿ ಬಂದೆ.

ವಾಪಸ್ ಬರುವಾಗ ದಕ್ಷಿಣದಿಂದ ತಣ್ಣನೆ ಗಾಳಿ ಕೆನ್ನೆಗೆ ಬಡಿಯಿತು. ಅಂಚಿನಲ್ಲಿ ಒಂದು ಬಿಳಿ ಎಳೆ. ಅರ್ಧ ಗಂಟೆಯಲ್ಲಿ ಸೈರನ್ ಕೂಗಿತು. ಹವೆ ಕೆಡುತ್ತಿದೆ, ಎಲ್ಲರೂ ನಿಲ್ದಾಣಕ್ಕೆ ಬನ್ನಿ ಅಂತ ಅದರ ಅರ್ಥ. ಓಡುತ್ತಾ ಹೋದರೆ ಅಮ್ಮ ಆಗಲೇ ಸಾಲಿನಲ್ಲಿ ನಿಂತು ನನಗೆ ಜಾಗ ಹಿಡಿದಿದ್ದರು. "ಎಲ್ಲಿ ಹೋಗಿದ್ದೆ? ಕಾರ್ ಬಿಟ್ಟುಹೋದ್ರೆ ನಾನು ನಡ್ಕೊಂಡು ಇಳೀಬೇಕಿತ್ತಾ?" ಸಾಲು ಉದ್ದವಿತ್ತು. ಆದರೆ ಮೇಲಿದ್ದವರನ್ನೆಲ್ಲ ಕೆಳಗಿಳಿಸಿಯೇ ಅವರು ನಿಲ್ಲಿಸುವುದು. ನಾವು ಇಳಿದು ತಲೆ ಎತ್ತುವಾಗ ಮೇಲಿನ ನಿಲ್ದಾಣ ಕಾಣುತ್ತಿರಲಿಲ್ಲ.

ಒಂದು ಮಾತು ಹೇಳಬೇಕು. ನಂದಿಬೆಟ್ಟಕ್ಕೆ ರೋಪ್‌ವೇ ಬರುತ್ತದೆ ಅಂತ ವರ್ಷಗಳಿಂದ ಕೇಳುತ್ತಿದ್ದೇವೆ. ಚಾಮುಂಡಿ ಬೆಟ್ಟಕ್ಕೆ ಅಂದಾಗ ಮೈಸೂರಿನವರೇ ಬೇಡ ಅಂದರು, ನಾನೂ ಅವರಲ್ಲಿ ಒಬ್ಬ. ಇಲ್ಲಿಗೆ ಬಂದ ಮೇಲೂ ಚಾಮುಂಡಿಗೆ ಬೇಡ ಅಂತಲೇ ಅನ್ನುತ್ತೇನೆ, ಅಲ್ಲಿ ಮೇಲೆ ಆಗಲೇ ರಸ್ತೆಯೂ ಊರೂ ಇವೆ. ಟೇಬಲ್ ಮೌಂಟನ್ನಿನ ಮೇಲಿನ ನಿಲ್ದಾಣದ ಸುತ್ತ ವಾಹನದ ರಸ್ತೆ ಇಲ್ಲ, ಲಾಡ್ಜ್ ಇಲ್ಲ, ಕಾರಿನಲ್ಲಿ ಬಂದವರೆಲ್ಲ ರಾತ್ರಿ ಇಳಿಯುತ್ತಾರೆ. ಕೇಬಲ್ ಕಾರ್ ಇರುವುದರಿಂದ ರಸ್ತೆ ಬೇಕಾಗಿಲ್ಲ. ರಸ್ತೆಯ ಜೊತೆಗೆ ರೋಪ್‌ವೇಯನ್ನೂ ಹಾಕಿದರೆ ಬೆಟ್ಟಕ್ಕೆ ಸಿಗುವುದು ಇನ್ನಷ್ಟು ಜನ, ಅಷ್ಟೇ.

ಶುಕ್ರವಾರ

ವಾಟರ್‌ಫ್ರಂಟ್‌ನಿಂದ ದೋಣಿಯಲ್ಲಿ ರಾಬೆನ್ ದ್ವೀಪಕ್ಕೆ. ನೆಲ್ಸನ್ ಮಂಡೇಲಾ ತಮ್ಮ 27 ವರ್ಷದ ಸೆರೆಯಲ್ಲಿ 18 ವರ್ಷ ಕಳೆದದ್ದು ಇಲ್ಲಿ. ಜೈಲಿನೊಳಗೆ ನಮಗೆ ದಾರಿ ತೋರಿಸಿದವರು ಹಿಂದೆ ಅಲ್ಲೇ ಕೈದಿಯಾಗಿದ್ದವರು. ಸುಣ್ಣಕಲ್ಲಿನ ಕ್ವಾರಿಯಲ್ಲಿ ಬಿಸಿಲಿನ ಪ್ರತಿಫಲನಕ್ಕೆ ಕೈದಿಗಳ ಕಣ್ಣು ಹಾಳಾದದ್ದನ್ನು ಅವರು ದನಿ ಏರಿಸದೆ ಹೇಳಿದರು. ಇಲ್ಲಿಂದ ನೀರಿನಾಚೆ ಟೇಬಲ್ ಮೌಂಟನ್ ಪೂರ್ತಿ ಕಾಣುತ್ತದೆ, ಎರಡೂ ಬದಿಯ ಶಿಖರಗಳ ಸಮೇತ. ಆ ವರ್ಷಗಳಲ್ಲೂ ಆ ಬೆಟ್ಟಕ್ಕೆ ಕೇಬಲ್ ಕಾರ್ ಓಡುತ್ತಲೇ ಇತ್ತು. ನಿನ್ನೆ ಮೇಲಿನಿಂದ ಈ ದ್ವೀಪದ ಫೋಟೋ ತೆಗೆಯುವಾಗ ನನಗದು ಹೊಳೆದಿರಲಿಲ್ಲ.

ದೋಣಿಯಲ್ಲಿ ಪಕ್ಕಕ್ಕೆ ಕೂತಿದ್ದ ಡರ್ಬನ್‌ನ ತಮಿಳು ಮೂಲದ ಕುಟುಂಬ ಮಾತಿಗೆ ಸಿಕ್ಕಿತು. ಇವತ್ತು ಬೆಳಿಗ್ಗೆ ಕೇಬಲ್ ಕಾರ್ ಮುಚ್ಚಿತ್ತಂತೆ, ನಾಳೆ ಸಂಜೆ ಅವರ ವಿಮಾನ. ಅಮ್ಮ ಕನ್ನಡದಲ್ಲೇ ಅವರಿಗೆ ಹೇಳಿದರು: "ಬೆಳಿಗ್ಗೆ ಐದೂವರೆಗೆ ಎದ್ದು ಎಲೆ ಅಲ್ಲಾಡ್ತಿದೆಯಾ ನೋಡಿ. ಇಲ್ಲಾಂದ್ರೆ ತಿಂಡಿ ತಿನ್ನದೆ ಹೊರಡಿ. ಮತ್ತೆ ಒಳಗೆ ಕಂಬಿ ಹಿಡೀಬೇಡಿ." ಹೆಂಡತಿ ಇಂಗ್ಲಿಷಿನಲ್ಲಿ ದಾಟಿಸಿದಳು. ಕಂಬಿ ಯಾಕೆ ಹಿಡಿಯಬಾರದು ಅಂತ ಅವರಿಗೆ ಅರ್ಥವಾಗಲಿಲ್ಲ, ಅಮ್ಮ ಎದ್ದು ನಿಂತು ಕಾಲು ಸರಿಸಿ ತೋರಿಸಿದರು.